ಜಾಲದ ಪಹಣಿ

1980ರ ಅಕ್ಟೋಬರ್ 27ರಂದು ಅಮೆರಿಕದ ಅರ್ಪಾನೆಟ್ ಜಾಲ ಕೆಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಇಂಟರ್‌ನೆಟ್ಟಿನ ಪೂರ್ವಜ ಅದು. ಒಂದು ಯಂತ್ರದ ದೋಷದಿಂದ ಕೆಟ್ಟುಹೋದ ಸಂದೇಶಗಳು ಎಲ್ಲೆಡೆ ಸುತ್ತತೊಡಗಿ, ಉಳಿದ ಯಂತ್ರಗಳಿಗೆ ಬೇರೆ ಕೆಲಸಕ್ಕೆ ಬಿಡುವೇ ಇಲ್ಲದಂತೆ ಮಾಡಿದ್ದವು. ಆದರೂ ರೋಗ ಬೇಗ ಪತ್ತೆಯಾಯಿತು. ಆ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಬಿ.ಬಿ.ಎನ್. ಎಂಬ ಒಂದೇ ಸಂಸ್ಥೆ. ಎಂಬತ್ತರ ದಶಕದ ನಡುವಿಗೆ ಈ ಅನುಕೂಲ ಉಳಿಯಲಿಲ್ಲ. ಹಲವು ತಯಾರಕರ ರೂಟರ್‌ಗಳು ಬಂದವು. ಕ್ಷೇಮಸಮಾಚಾರ ಕೇಳಿದರೆ ಒಂದೊಂದೂ ಒಂದೊಂದು ಭಾಷೆಯಲ್ಲಿ ಉತ್ತರಿಸುತ್ತಿತ್ತು.

ಪರಿಹಾರಕ್ಕೆಂದು ಮೂರು ಪದ್ಧತಿಗಳು ಪೈಪೋಟಿಗೆ ನಿಂತವು. ಒಂದನ್ನು ಅದರ ಕರ್ತೃ ಕ್ರೇಗ್ ಪಾರ್ಟ್ರಿಜ್ ತಾವಾಗಿಯೇ ಹಿಂತೆಗೆದುಕೊಂಡರು. ತಂತ್ರಜ್ಞರ ಲೋಕದಲ್ಲಿ ಇದು ಅಪರೂಪ. ವಿಂಟ್ ಸರ್ಫ್ 1988ರ ಏಪ್ರಿಲ್‌ನಲ್ಲಿ ಬರೆದ ವರದಿಯಂತೆ, ಸದ್ಯಕ್ಕೆ ಎಸ್.ಎನ್.ಎಂ.ಪಿ. ಎಂಬ ಸರಳ ಪದ್ಧತಿ, ಮುಂದೆ ಅಂತರರಾಷ್ಟ್ರೀಯ ಮಾನಕದ ದೊಡ್ಡ ಪದ್ಧತಿ ಎಂದು ತೀರ್ಮಾನವಾಯಿತು. ಆ 'ಸದ್ಯಕ್ಕೆ' ದಶಕಗಳನ್ನು ದಾಟಿತು.

ಕೇಳುವ ರೀತಿ ನಿಗದಿಯಾಯಿತು, ಸರಿ. ಆದರೆ ಏನನ್ನು ಕೇಳಬೇಕು? ಆ ಪಟ್ಟಿಯೇ ನಿರ್ವಹಣಾ ಮಾಹಿತಿ ನೆಲೆ. ತಂತ್ರಜ್ಞರ ಬಾಯಲ್ಲಿ 'ಮಿಬ್'. ನಮ್ಮ ಪಹಣಿಯನ್ನು ನೆನೆಸಿಕೊಳ್ಳಿ. ಊರು ಯಾವುದಾದರೂ ಯಾವ ಕಾಲಂನಲ್ಲಿ ಏನಿರಬೇಕೆಂಬುದು ಮೊದಲೇ ಗೊತ್ತು. ಮಿಬ್ ಕೂಡ ಹಾಗೆಯೇ. ಸರ್ವೆ ನಂಬರು, ಹಿಸ್ಸಾ ನಂಬರುಗಳಂತೆ ಪ್ರತಿ ಕಾಲಂಗೂ ಒಂದು ಸಂಖ್ಯಾಮಾಲೆ ಉಂಟು. 1.3.6.1.2.1.1.3 ಎಂದರೆ, ಯಾವ ಕಂಪನಿಯ ಯಂತ್ರವೇ ಆಗಲಿ, ಅದು ಎಷ್ಟು ಹೊತ್ತಿನಿಂದ ನಿಲ್ಲದೆ ನಡೆಯುತ್ತಿದೆ ಎಂಬ ಲೆಕ್ಕ.

1988ರ ಆಗಸ್ಟಿನಲ್ಲಿ ಬಂದ ಮೊದಲ ಮಿಬ್‌ನ ಸಂಪಾದಕರು ಕೀತ್ ಮೆಕ್‌ಲಾಗ್ರಿ ಮತ್ತು ಮಾರ್ಷಲ್ ರೋಸ್. ಅದರ ನಿಜವಾದ ಗುಣ ಮಿತವ್ಯಯ. ದೋಷ ಹುಡುಕಲು ಅಥವಾ ಯಂತ್ರವನ್ನು ಅಣಿಗೊಳಿಸಲು ಅತ್ಯಗತ್ಯವಾದದ್ದಕ್ಕೆ ಮಾತ್ರ ಜಾಗ. ಬೇರೆ ಅಂಕಿಗಳಿಂದ ಕೂಡಿ ಕಳೆದು ಪಡೆಯಬಹುದಾದದ್ದು ಬೇಡ. ಒಟ್ಟು ಸುಮಾರು ನೂರರೊಳಗಿರಲಿ ಎಂಬ ಕಟ್ಟುಪಾಡು. ಕೊನೆಗೆ 114 ಆದವು. 1991ರ ಎರಡನೆಯ ಆವೃತ್ತಿಯಲ್ಲಿ 171. ತಯಾರಕರು ಗೊಣಗದೆ ಒಪ್ಪಿಕೊಳ್ಳುವಷ್ಟು ಚಿಕ್ಕದಾಗಿದ್ದುದರಿಂದಲೇ ಅದು ಬದುಕಿತು ಎಂದು ನನಗನ್ನಿಸುತ್ತದೆ. (1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರಾಮ್ಕಿ ಬ್ರೆಡ್ ಸುಡುವ ಟೋಸ್ಟರ್ ಒಂದನ್ನು ಇದೇ ಪದ್ಧತಿಯಿಂದ ನಡೆಸಿ ತೋರಿಸಿದರು. ಬ್ರೆಡ್ಡನ್ನು ಮಾತ್ರ ಕೈಯಲ್ಲೇ ಇಡಬೇಕಿತ್ತು!)

ಕಾಲಂಗಳ ಸಂಖ್ಯೆಯಲ್ಲಿ ತೋರಿದ ಜಾಣ್ಮೆಗೆ ಅವುಗಳ ಅಗಲದಲ್ಲಿ ಪೆಟ್ಟು ಬಿತ್ತು. ಎಣಿಕೆಗೆ ಕೊಟ್ಟ ಜಾಗ 32 ಬಿಟ್. ಅಂದರೆ ಸುಮಾರು 429 ಕೋಟಿ ದಾಟಿದೊಡನೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ತಂತಿ ತುಂಬಿ ಹರಿದರೆ ಅದಕ್ಕೆ 57 ನಿಮಿಷ ಬೇಕು. ಒಂದು ಗಿಗಾಬಿಟ್ ಆದರೆ ಬರೀ 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಅಂಕಿ ಓದುವವನಿಗೆ ನಡುವೆ ಎಷ್ಟು ಸುತ್ತು ತಿರುಗಿತೆಂದು ತಿಳಿಯುವುದಾದರೂ ಹೇಗೆ? 1993-94ರಲ್ಲಿ 64 ಬಿಟ್‌ನ ಕಾಲಂಗಳು ಬಂದವು. ನಡೆದ ಹೊತ್ತಿನ ಲೆಕ್ಕ ಮಾತ್ರ ಇಂದಿಗೂ 32 ಬಿಟ್. ಸೆಕೆಂಡಿನ ನೂರನೇ ಒಂದು ಭಾಗದ ಎಣಿಕೆಯಾದ್ದರಿಂದ, ಒಮ್ಮೆಯೂ ನಿಲ್ಲದ ಯಂತ್ರ 497 ದಿನಗಳಾದ ಮೇಲೆ ಈಗತಾನೇ ಎದ್ದಂತೆ ಉತ್ತರ ಕೊಡುತ್ತದೆ.

ವಿಳಾಸದ ಕಥೆ ಇನ್ನೂ ತೊಡಕಿನದು. ಹಳೆಯ ವಿಳಾಸಕ್ಕೆ ನಾಲ್ಕು ಬೈಟ್ ಸಾಕಿತ್ತು. ಐಪಿ ಆರನೆಯ ಆವೃತ್ತಿಗೆ ಹದಿನಾರು ಬೇಕು. 1998ರಲ್ಲಿ ಹೊಸದಕ್ಕೆ ಬೇರೆ ಕೋಷ್ಟಕಗಳನ್ನೇ ಕಟ್ಟಿದರು. ಒಂದೇ ಹೊಲಕ್ಕೆ ಎರಡು ಪಹಣಿ ಆದಂತಾಯಿತು. 2006ರಲ್ಲಿ ಅವನ್ನು ಒಂದುಗೂಡಿಸಿ, ವಿಳಾಸದ ಜಾತಿ ಯಾವುದೆಂದು ಮೊದಲು ಹೇಳಿ ಆಮೇಲೆ ವಿಳಾಸ ಬರೆಯುವ ಕ್ರಮ ತಂದರು.

ಬೀಗದ ವಿಷಯವೂ ಉಂಟು. ಆರಂಭದ ಪದ್ಧತಿಯಲ್ಲಿ ಗುಪ್ತಪದ ಮುಚ್ಚುಮರೆಯಿಲ್ಲದೆ ಜಾಲದಲ್ಲಿ ಹೋಗುತ್ತಿತ್ತು. ಅದೂ ಬಹಳ ಕಡೆ 'ಪಬ್ಲಿಕ್' ಎಂಬ ಪದವೇ! ಹೀಗಾಗಿ ಮೊದಲ ಮಿಬ್‌ನಲ್ಲೇ ಯಂತ್ರವನ್ನು ಬದಲಾಯಿಸುವ ಅಧಿಕಾರ ತೀರಾ ಕಡಿಮೆ ಇಟ್ಟಿದ್ದರು. ಭದ್ರವಾದ ಮೂರನೆಯ ಆವೃತ್ತಿ 2002ರಲ್ಲಿ ಪೂರ್ಣ ಮಾನಕವಾಯಿತು. ಅದೇ ವರ್ಷದ ಜೂನ್ ಸಭೆಯಲ್ಲಿ ಜಾಲ ನಡೆಸುವವರು, ಓದಲು ಇದನ್ನು ಬಳಸುತ್ತೇವೆ, ಬರೆಯಲು ಬಳಸುವುದು ವಿರಳ ಎಂದರು. ಬರೆಯುವ ಕೆಲಸಕ್ಕೆ 2006ರಲ್ಲಿ ನೆಟ್‌ಕಾನ್ಫ್ ಬಂತು. ಸ್ಪಷ್ಟ ಅಗತ್ಯವಿದ್ದ ಹೊರತು ಬರೆಯಲು ಬರುವ ಮಿಬ್‌ಗಳನ್ನು ಹೊಸದಾಗಿ ರಚಿಸಬಾರದೆಂದು ಇಂಟರ್‌ನೆಟ್ ಮಾನಕ ಮಂಡಳಿ 2014ರಲ್ಲಿ ಸೂಚಿಸಿತು.