ಪಾತ್ರಾಭಿನಯ ಆಟಗಳಲ್ಲಿ ಶಕ್ತಿ ಮತ್ತು ಚಲನೆಯ ವೇಗ

ಟೇಬಲ್‌ಟಾಪ್ ಪಾತ್ರಾಭಿನಯ ಆಟಗಳೆಂದರೆ ಆಟಗಾರರು ಮೇಜಿನ ಸುತ್ತ ಕುಳಿತು, ಒಂದೊಂದು ಕಾಲ್ಪನಿಕ ಪಾತ್ರವನ್ನು ವಹಿಸಿಕೊಂಡು ಆಡುವ ಆಟಗಳು. ಇವುಗಳಲ್ಲಿ ಪಾತ್ರದ ದೇಹಬಲವನ್ನು ‘ಶಕ್ತಿ’ ಎಂಬ ಅಂಕವೂ, ನಿಗದಿತ ಅವಧಿಯಲ್ಲಿ ಅದು ಕ್ರಮಿಸಬಲ್ಲ ದೂರವನ್ನು ‘ವೇಗ’ ಎಂಬ ಅಂಕವೂ ಸೂಚಿಸುತ್ತವೆ. ಇವೆರಡನ್ನು ಜೋಡಿಸುವ ನಿಯಮಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದರಲ್ಲಿ ಹೊತ್ತ ಹೊರೆಯ ಮೂಲಕ ಶಕ್ತಿಯು ವೇಗವನ್ನು ಪರೋಕ್ಷವಾಗಿ ನಿರ್ಧರಿಸುತ್ತದೆ. ಎರಡನೆಯದರಲ್ಲಿ ಶಕ್ತಿಯ ಅಂಕವು ವೇಗದ ಲೆಕ್ಕದಲ್ಲಿ ನೇರವಾಗಿ ಸೇರುತ್ತದೆ.

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಹೊರೆಯನ್ನು ಚಿನ್ನದ ನಾಣ್ಯಗಳ ತೂಕದಲ್ಲಿ ಅಳೆಯಲಾಗುತ್ತಿತ್ತು. 1981ರ ಆವೃತ್ತಿಯ ಐಚ್ಛಿಕ ನಿಯಮದ ಪ್ರಕಾರ, 400 ನಾಣ್ಯಗಳಷ್ಟು ಹೊರೆಯವರೆಗೆ ಪಾತ್ರವು ಹತ್ತು ನಿಮಿಷಕ್ಕೆ 120 ಅಡಿ ಶೋಧಿಸುತ್ತ ಸಾಗಬಹುದು. ಹೊರೆ 800 ನಾಣ್ಯಗಳನ್ನು ಮೀರಿದರೆ ಕೇವಲ 30 ಅಡಿ. ಹೊರತಂದ ನಿಧಿಯೇ ಅನುಭವದ ಅಂಕವಾಗುತ್ತಿದ್ದುದರಿಂದ ಹೆಚ್ಚು ಹೊತ್ತಷ್ಟೂ ಲಾಭವಿತ್ತು. ಆದರೆ ನಡಿಗೆ ನಿಧಾನವಾದಂತೆ ಪಂಜುಗಳು ಉರಿದು ಮುಗಿಯುತ್ತಿದ್ದವು, ಅಲೆಯುವ ಪ್ರಾಣಿಗಳು ಎದುರಾಗುವ ಸಂಭವವೂ ಹೆಚ್ಚುತ್ತಿತ್ತು. ನಿಧಿಯೋ ಪ್ರಾಣವೋ ಎಂಬ ಈ ಆಯ್ಕೆಯೇ ಹೊರೆ ನಿಯಮದ ತಿರುಳು. ಈ ಆವೃತ್ತಿಯಲ್ಲಿ ಶಕ್ತಿಯ ಅಂಕಕ್ಕೆ ಹೊರೆಯ ಮಿತಿಯೊಡನೆ ಸಂಬಂಧವಿರಲಿಲ್ಲ. ಅದಕ್ಕೆ ಮೊದಲೇ, 1978ರ ‘ಅಡ್ವಾನ್ಸ್ಡ್’ ಆವೃತ್ತಿಯ ಆಟಗಾರರ ಕೈಪಿಡಿಯು ಬಲಶಾಲಿಗಳಿಗೆ ಹೆಚ್ಚುವರಿ ತೂಕದ ರಿಯಾಯಿತಿ ನೀಡಿತ್ತು.

ಹೊರೆಯ ಮೂಲಕ ಜೋಡಣೆ

2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಪ್ರತಿ ಶಕ್ತಿಯ ಅಂಕಕ್ಕೂ ಹಗುರ, ಮಧ್ಯಮ ಮತ್ತು ಭಾರ ಎಂಬ ಮೂರು ಮಿತಿಗಳಿವೆ. ಶಕ್ತಿ 10 ಇರುವ ಪಾತ್ರಕ್ಕೆ 33 ಪೌಂಡ್‌ವರೆಗಿನ ಹೊರೆ ಹಗುರ. ಶಕ್ತಿ 18 ಇದ್ದರೆ 100 ಪೌಂಡ್‌ವರೆಗೂ ಹಗುರವೇ. ಹಾಗಾಗಿ ಇಬ್ಬರೂ 50 ಪೌಂಡ್ ಹೊತ್ತರೆ ಮೊದಲಿನವನ ವೇಗ 30 ಅಡಿಯಿಂದ 20 ಅಡಿಗೆ ಇಳಿಯುತ್ತದೆ, ಎರಡನೆಯವನದು ಬದಲಾಗುವುದಿಲ್ಲ.

2014ರ ಐದನೆಯ ಆವೃತ್ತಿಯ ಐಚ್ಛಿಕ ನಿಯಮದಲ್ಲಿ, ಹೊರೆಯು ಪೌಂಡ್‌ಗಳಲ್ಲಿ ಶಕ್ತಿಯ ಐದರಷ್ಟನ್ನು ಮೀರಿದರೆ ವೇಗ 10 ಅಡಿ, ಹತ್ತರಷ್ಟನ್ನು ಮೀರಿದರೆ 20 ಅಡಿ ಕಡಿಮೆಯಾಗುತ್ತದೆ. ಪೂರ್ಣ ಲೋಹಕವಚ ಧರಿಸಲು ಶಕ್ತಿ 15 ಇಲ್ಲದಿದ್ದರೂ ವೇಗ 10 ಅಡಿ ತಗ್ಗುತ್ತದೆ. ಕುಬ್ಜ ಜನಾಂಗದ ಪಾತ್ರಗಳಿಗೆ ಇದರಿಂದ ವಿನಾಯಿತಿಯಿದೆ.

‘ಗರ್ಪ್ಸ್’ ಆಟದ ನಾಲ್ಕನೆಯ ಆವೃತ್ತಿಯಲ್ಲಿ (2004) ಎತ್ತುವ ಸಾಮರ್ಥ್ಯವು ಶಕ್ತಿಯ ವರ್ಗದ ಐದನೇ ಒಂದು ಭಾಗ. ಶಕ್ತಿ 10ಕ್ಕೆ ಇದು 20 ಪೌಂಡ್; ಶಕ್ತಿ 20ಕ್ಕೆ 80 ಪೌಂಡ್. ಹೊರೆ ಈ ಮಿತಿಯನ್ನು ದಾಟಿ ಒಂದೊಂದು ಹಂತ ಏರಿದಂತೆ ಮೂಲ ವೇಗದ ಐದನೇ ಒಂದು ಭಾಗ ಕಳೆದುಹೋಗುತ್ತದೆ.

ನೇರ ಜೋಡಣೆ

2004ರ ‘ವರ್ಲ್ಡ್ ಆಫ್ ಡಾರ್ಕ್‌ನೆಸ್’ ಆಟದಲ್ಲಿ ವಯಸ್ಕ ಮನುಷ್ಯನ ವೇಗವೆಂದರೆ ಶಕ್ತಿ ಮತ್ತು ಚುರುಕುತನಗಳ ಮೊತ್ತಕ್ಕೆ 5 ಕೂಡಿಸಿದ ಅಂಕ. ‘ಕಾಲ್ ಆಫ್ ಕ್ಥುಲ್ಹು’ ಆಟದ ಏಳನೆಯ ಆವೃತ್ತಿಯು ದೇಹಗಾತ್ರವನ್ನೂ ಪರಿಗಣಿಸುತ್ತದೆ: ಶಕ್ತಿ ಮತ್ತು ಚುರುಕುತನಗಳೆರಡೂ ಗಾತ್ರಕ್ಕಿಂತ ಹೆಚ್ಚಿದ್ದರೆ ಚಲನೆಯ ಅಂಕ 9, ಎರಡೂ ಕಡಿಮೆಯಿದ್ದರೆ 7, ಉಳಿದ ಸಂದರ್ಭಗಳಲ್ಲಿ 8. ಓಡುವವನು ತನ್ನ ದೇಹದ ಭಾರವನ್ನೇ ಹೊತ್ತೊಯ್ಯಬೇಕಾದ್ದರಿಂದ, ಬಲವನ್ನು ಗಾತ್ರದೊಡನೆ ಹೋಲಿಸುವ ಈ ಕ್ರಮವು ವಾಸ್ತವಕ್ಕೆ ಹತ್ತಿರವಾಗಿದೆ.

ಸಾಧಕ-ಬಾಧಕಗಳು

ಪ್ರತಿ ವಸ್ತುವಿನ ತೂಕವನ್ನು ಕೂಡಿಸಿ ಕಳೆಯುವ ಲೆಕ್ಕಾಚಾರವು ಆಟದ ಓಟವನ್ನು ತಡೆಯುತ್ತದೆ ಎಂಬುದು ಹೊರೆ ನಿಯಮಗಳ ಮೇಲಿನ ಸಾಮಾನ್ಯ ಆಕ್ಷೇಪ. ಇದನ್ನು ಸರಳಗೊಳಿಸಲು 2019ರ ‘ಪಾತ್‌ಫೈಂಡರ್’ ಎರಡನೆಯ ಆವೃತ್ತಿಯು ಪೌಂಡ್‌ಗಳ ಬದಲು ತೂಕ ಮತ್ತು ಆಕಾರಗಳೆರಡನ್ನೂ ಒಳಗೊಂಡ ‘ಬಲ್ಕ್’ ಎಂಬ ಸ್ಥೂಲ ಮಾನವನ್ನು ಬಳಸುತ್ತದೆ. ಹೊರೆಯ ಲೆಕ್ಕವನ್ನು ಪೂರ್ತಿಯಾಗಿ ಕೈಬಿಟ್ಟರೆ ಆಟ ಸುಗಮವಾಗುವುದಾದರೂ, ಹೋರಾಟದ ಹೊರಗೆ ಶಕ್ತಿಯ ಉಪಯೋಗ ಕುಗ್ಗುತ್ತದೆ. ಏನನ್ನು ಹೊರಬೇಕು, ಏನನ್ನು ಬಿಟ್ಟು ಓಡಬೇಕು ಎಂಬ ನಿರ್ಧಾರಕ್ಕೂ ಬೆಲೆ ಉಳಿಯುವುದಿಲ್ಲ.