ದೀಪಕ್ಕೆ ಹುಟ್ಟಿ ಬಂಡೆ ಕೊರೆದ ಲೋಹ

ಕಳೆದ ಸಲ ಊರಿಗೆ ಹೋಗಿದ್ದಾಗ, ಕೋಲಾರದ ಬಳಿ ಬೋರ್‌ವೆಲ್ ಕೊರೆಯುತ್ತಿದ್ದ ಲಾರಿಯ ಪಕ್ಕದಲ್ಲಿ ನಾವು ಬಹಳ ಹೊತ್ತು ನಿಂತಿದ್ದೆವು. ಮೇಲಕ್ಕೆತ್ತಿದ ಉಕ್ಕಿನ ಬಿಟ್ಟಿನ ಮುಖದಲ್ಲಿ ಗೋಲಿಯಷ್ಟು ದಪ್ಪನೆಯ ಗುಂಡಿಗಳು ಹುದುಗಿದ್ದವು. ಬಂಡೆಯನ್ನು ಪುಡಿಮಾಡುವುದು ಉಕ್ಕಲ್ಲ, ಆ ಗುಂಡಿಗಳು. ಅವು ಟಂಗ್‌ಸ್ಟನ್ ಕಾರ್ಬೈಡಿನವು.

ಆದರೆ ಈ ವಸ್ತು ಹುಟ್ಟಿದ್ದು ಬಂಡೆಗಾಗಿ ಅಲ್ಲ, ವಿದ್ಯುದ್ದೀಪಕ್ಕಾಗಿ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕೂದಲಿಗಿಂತ ಸಣ್ಣದು. ಅದನ್ನು ವಜ್ರದಲ್ಲಿ ಕೊರೆದ ರಂಧ್ರದ ಮೂಲಕ ಎಳೆಯಬೇಕಾಗಿತ್ತು. ವಜ್ರವೋ ಬಲು ದುಬಾರಿ. ಬರ್ಲಿನ್ನಿನ ಓಸ್ರಾಂ ದೀಪದ ಕಂಪನಿಯವರು ಬದಲಿಯನ್ನು ಹುಡುಕತೊಡಗಿದರು. ಟಂಗ್‌ಸ್ಟನ್ನನ್ನು ಇಂಗಾಲದೊಡನೆ ಕಾಯಿಸಿದರೆ ಬರುವ ಕಾರ್ಬೈಡ್ ಬಹು ಗಟ್ಟಿ, ಆದರೆ ಗಾಜಿನಂತೆ ಒಡೆಯುತ್ತಿತ್ತು. 1923ರಲ್ಲಿ ಕಾರ್ಲ್ ಶ್ರೋಟರ್ ಎಂಬುವರು ಅದರ ಪುಡಿಗೆ ಸ್ವಲ್ಪ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, 1400 ಡಿಗ್ರಿಯ ಸುಮಾರಿಗೆ ಕಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಡಲೆಬೀಜದ ಚಿಕ್ಕಿಯಲ್ಲಿ ಬೆಲ್ಲದ ಪಾಕ ಮಾಡುವ ಕೆಲಸವನ್ನೇ ಇಲ್ಲಿ ಕೋಬಾಲ್ಟ್ ಮಾಡುತ್ತದೆ. ಬೀಜ ಗಟ್ಟಿ, ಪಾಕ ಹಿಡಿದಿಡುತ್ತದೆ.

ಕ್ರುಪ್ ಕಂಪನಿ ಇದರ ಹಕ್ಕು ಪಡೆದು 'ವಿಡಿಯಾ' ಎಂದು ಹೆಸರಿಟ್ಟಿತು. ಜರ್ಮನ್ ಭಾಷೆಯ 'ವೀ ಡಿಯಾಮಾಂಟ್', ಎಂದರೆ 'ವಜ್ರದಂತೆ', ಎಂಬುದರ ಮೊಟಕು ರೂಪವದು. ಲೇತುಗಳಲ್ಲಿ ಉಕ್ಕನ್ನು ಮೊದಲಿಗಿಂತ ಹಲವು ಪಟ್ಟು ವೇಗವಾಗಿ ಕತ್ತರಿಸುವುದು ಸಾಧ್ಯವಾಯಿತು.

ಎಚ್.ಎಂ.ಟಿ.ಯಿಂದ ಯಂತ್ರಗಳ ಊರಾಗಿದ್ದ ಬೆಂಗಳೂರಿನಲ್ಲಿ 1964ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಸ್ಥಾಪನೆಯಾಯಿತು. ತುಮಕೂರು ರಸ್ತೆಯ ಅದರ ಕಾರ್ಖಾನೆ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. 2002ರಲ್ಲಿ ಅಮೆರಿಕದ ಕೆನ್ನಾಮೆಟಲ್ ವಿಡಿಯಾವನ್ನು ಕೊಂಡಿತು, ಆಮೇಲೆ ಬೆಂಗಳೂರಿನ ಕಂಪನಿಗೂ ಅದೇ ಹೆಸರು ಬಂತು. ಆದರೂ ಲೇತ್ ಕೆಲಸಗಾರರ ಬಾಯಲ್ಲಿ ಕಾರ್ಬೈಡ್ ತುದಿ ಎಂದರೆ 'ವಿಡಿಯಾ'ನೇ. ಇಲ್ಲಿ ನಮ್ಮ ಸಿಲಿಕಾನ್ ಕಣಿವೆಯೂ ಅದಕ್ಕೆ ಋಣಿ. ಸರ್ಕ್ಯೂಟ್ ಬೋರ್ಡಿನಲ್ಲಿರುವ ಗಾಜಿನ ನಾರು ಉಕ್ಕಿನ ಡ್ರಿಲ್ಲನ್ನು ಬೇಗ ಮೊಂಡು ಮಾಡುವುದರಿಂದ, ಅದರ ಸಣ್ಣ ತೂತುಗಳನ್ನು ಕಾರ್ಬೈಡ್ ಡ್ರಿಲ್ಲಿನಿಂದಲೇ ಕೊರೆಯುತ್ತಾರೆ.

ಇನ್ನು ಊರಿನ ನೀರಿನ ಮಾತು. ಹಾರೆ ಗುದ್ದಲಿಗಳಿಂದ ತೋಡಿದ ಬಾವಿ ಗಟ್ಟಿ ಬಂಡೆ ಸಿಕ್ಕಲ್ಲಿಗೆ ನಿಲ್ಲುತ್ತಿತ್ತು. 1967ರ ಬರಗಾಲದಲ್ಲಿ ಯುನಿಸೆಫ್ ಭಾರತಕ್ಕೆ ಬಂಡೆ ಕೊರೆಯುವ ಯಂತ್ರಗಳನ್ನು ತರಿಸಿಕೊಟ್ಟಿತು. ಗಾಳಿಯ ಒತ್ತಡದಿಂದ ಸುತ್ತಿಗೆಯಂತೆ ಬಡಿಯುತ್ತ ಇಳಿಯುವ ಇಂಥ ಯಂತ್ರ ಒಂದೇ ದಿನದಲ್ಲಿ ನೂರಾರು ಅಡಿ ಹೋಗಬಲ್ಲದು. ಎಷ್ಟೋ ಹಳ್ಳಿಗಳಿಗೆ ಅದರಿಂದ ಕುಡಿಯುವ ನೀರು ಬಂತು. ಆದರೆ ಬಂಡೆಯ ಬಿರುಕುಗಳಲ್ಲಿರುವ ನೀರು ಸ್ವಲ್ಪವೇ. ಮಳೆ ತುಂಬಿದ್ದಕ್ಕಿಂತ ಹೆಚ್ಚು ಎತ್ತಿದೆವು. ಕೋಲಾರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿತು, ತೆರೆದ ಬಾವಿಗಳು ಬತ್ತಿದವು.

ನಾವಿರುವ ಸಾಂಟಾ ಕ್ಲಾರಾ ಕಣಿವೆಯೂ ಇದೇ ತಪ್ಪು ಮಾಡಿತ್ತು. ಇಲ್ಲಿನದು ಮೆತ್ತನೆಯ ಮಣ್ಣು, ಕಾರ್ಬೈಡೇ ಬೇಕಿರಲಿಲ್ಲ. ತೋಟಗಳಿಗೂ ಊರುಗಳಿಗೂ ನೀರೆತ್ತಿ ಎತ್ತಿ, 1970ರ ಹೊತ್ತಿಗೆ ಸ್ಯಾನ್ ಹೋಸೆಯ ನೆಲ ಸುಮಾರು 13 ಅಡಿ ಕುಸಿದಿತ್ತು. ಹೊರಗಿನಿಂದ ನೀರು ತಂದು, ನೆಲದೊಳಗೆ ಇಂಗಿಸಿದ ಮೇಲೆ ಕುಸಿತ ನಿಂತಿತು. ಕೋಲಾರದ ಕೆರೆಗಳಿಗೂ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ.

ಮುಂದಿನ ಸಲ ಊರಿಗೆ ಹೋದಾಗ ಮಕ್ಕಳಿಗೆ ಆ ಬಿಟ್ಟನ್ನು ತೋರಿಸಿ. ಊರ ಕೆರೆಯನ್ನೂ ಮರೆಯದೆ ತೋರಿಸಿ.