ಮಕ್ಕಳು, ಯುವಜನರ ಮಾನಸಿಕ ಆರೋಗ್ಯ: ಮುದ್ದೇನಹಳ್ಳಿ ಸುತ್ತಮುತ್ತ ಸಿಗುವ ನೆರವು

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಇಂದು ವಿದ್ಯಾಸಂಸ್ಥೆಗಳ ಊರು. ವಸತಿ ಶಾಲೆಗಳ ಜೊತೆಗೆ 2023ರ ಮಾರ್ಚ್ 25ರಂದು ಪ್ರಧಾನಿಯವರು ಉದ್ಘಾಟಿಸಿದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜೂ ಇಲ್ಲಿದೆ. ಮನೆ ಬಿಟ್ಟು ಬಂದು ಓದುವ ಮಕ್ಕಳು ಬಹಳ. ಅಂಥ ಮಕ್ಕಳು ಫೋನಿನಲ್ಲಿ "ಚೆನ್ನಾಗಿದ್ದೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರೆ ಹೆತ್ತವರಿಗೆ ಒಳಗಿನದು ತಿಳಿಯುವುದಿಲ್ಲ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ನಿದ್ದೆ ಕೆಡುವುದು, ಊಟ ಸೇರದಿರುವುದು, ಗೆಳೆಯರಿಂದ ದೂರವಾಗುವುದು, ಅಂಕಗಳು ಏಕಾಏಕಿ ಇಳಿಯುವುದು ಎರಡು ವಾರ ಮೀರಿದರೆ "ವಯಸ್ಸಿನ ಗುಣ" ಎಂದು ಬಿಡಬಾರದು.

ಮೊದಲ ಹೆಜ್ಜೆ ಸುಲಭ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆತ್ತವರೂ ಕರೆ ಮಾಡಬಹುದು. ಹಿಂಸೆ, ದೌರ್ಜನ್ಯದ ಸಂಗತಿಯಾದರೆ ಮಕ್ಕಳ ಸಹಾಯವಾಣಿ 1098.

ವೈದ್ಯರನ್ನು ಕಾಣಲು ಎಲ್ಲರೂ ಬೆಂಗಳೂರಿಗೇ ಹೋಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇರುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು ತಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹಾ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚನೆ ಇದೆ. ಜಟಿಲವೆನಿಸಿದರೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ.

ಜೈನ ಮನೆಗಳಲ್ಲಿ ಏಳುವ ಕೆಲವು ಪ್ರಶ್ನೆಗಳನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಇಡಬೇಕು. ಕ್ಯಾಪ್ಸೂಲ್‌ನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್. ಅದೇ ಔಷಧ ಮಾತ್ರೆ ರೂಪದಲ್ಲಿ ಸಿಗುವುದೇ ಎಂದು ಕೇಳಬಹುದು. ರಾತ್ರಿಭೋಜನ ತ್ಯಾಗ ಮಾಡಿದ್ದರೆ ಮಾತ್ರೆಯ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಶಲಕ್ಷಣ ಪರ್ವದ ಉಪವಾಸದ ವಿಷಯ ಇನ್ನೂ ಮುಖ್ಯ: ಲಿಥಿಯಂ ಸೇವಿಸುವವರು ನೀರನ್ನೂ ಬಿಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಪರ್ವ ಮುಗಿದ ಮೇಲೂ ಮಗಳು ಊಟ ಬಿಡುತ್ತಲೇ ಇದ್ದು ತೂಕ ಇಳಿಯುತ್ತಿದ್ದರೆ ಅದನ್ನು ತಪಸ್ಸೆಂದು ಹೊಗಳುವ ಮೊದಲು ವೈದ್ಯರಿಗೆ ತೋರಿಸಬೇಕು.

ನಾಳೆ ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆಯಿಂದ ಚಿಕಿತ್ಸೆ ಮುಂದೂಡುವವರೇ ಹೆಚ್ಚು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. 18 ತುಂಬದವರ ಪರವಾಗಿ ಹೆತ್ತವರು ಅಥವಾ ಪೋಷಕರು ನಿರ್ಧಾರ ಮಾಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದೇ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ. ಆದ್ದರಿಂದ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡಬೇಕಿಲ್ಲ. ಮಗು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ, ತೋಟದ ಕೀಟನಾಶಕವನ್ನೂ ಮನೆಯ ಮಾತ್ರೆಗಳನ್ನೂ ಬೀಗ ಹಾಕಿಟ್ಟು 14416ಕ್ಕೆ ಕರೆ ಮಾಡಬೇಕು. ಏನಾದರೂ ಸೇವಿಸಿಬಿಟ್ಟಿದ್ದರೆ ಕೂಡಲೇ 108.